ಹುಣಸೆಹುಳಿಯಲ್ಲಿ ನೆನೆದ ಕಾರ್ಬುರೇಟರ್

ನಮ್ಮ ಊರಿನಲ್ಲಿ ಒಬ್ಬರ ಮನೆಯ ಚಮಚವನ್ನು ಇನ್ನೊಬ್ಬರು ಕೇಳುವುದಿಲ್ಲ. ಕೇಳಿದರೆ ಕೊಡುವುದೂ ಇಲ್ಲ. ಕಿಲುಬು ಇಲ್ಲಿ ನೆಗಡಿಯ ಹಾಗೆ ಒಂದರಿಂದ ಒಂದಕ್ಕೆ ಅಂಟುತ್ತದೆ. ಕಬ್ಬಿಣದ ಮೇಲೆ ಕೆಂಪಗೆ, ತಾಮ್ರದ ಮೇಲೆ ಹಸಿರಾಗಿ, ಅಲ್ಯೂಮಿನಿಯಂ ಮೇಲೆ ಬಿಳಿ ಹಿಟ್ಟಾಗಿ ಕಾಣಿಸಿದರೂ ನಾವು ಎಲ್ಲಕ್ಕೂ ಕಿಲುಬು ಎಂದೇ ಅನ್ನುತ್ತೇವೆ. ಒಂದು ಮನೆಯ ಈಳಿಗೆಮಣೆಗೆ ಹತ್ತಿದ್ದು ವಾರ ಕಳೆಯುವುದರೊಳಗೆ ಆ ಸಾಲಿನ ಚಿಲಕಗಳನ್ನೆಲ್ಲ ಪುಡಿಪುಡಿ ಮಾಡಿ ಉದುರಿಸಿದ್ದನ್ನು ನಾನೇ ಕಂಡಿದ್ದೇನೆ. ಹಾಗಾಗಿ ನಮ್ಮಲ್ಲಿ ಬೀಗಗಳು ಮರದವು, ಅಡಿಗೆ ಮಣ್ಣಿನ ಗಡಿಗೆಯಲ್ಲಿ, ಶಾಲೆಯಲ್ಲಿ ಗಂಟೆಯ ಬದಲು ಒಂದು ಟೊಳ್ಳು ದಿಮ್ಮಿ. ನಾಣ್ಯವನ್ನು ಕೈಗೆ ಕೊಡದೆ ಮುತ್ತುಗದ ಎಲೆಯ ಮೇಲಿಟ್ಟು ಸರಿಸುತ್ತಾರೆ. ಮದುವೆಯಲ್ಲಿ ಬೀಗರು ಎದುರುಬದುರಾದಾಗ ಮೊದಲು ಉಂಗುರ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆಮೇಲೆ ಕೈ ಹಿಡಿಯುತ್ತಾರೆ. ಹೊರಗಿನವರು ಇದನ್ನು ಕಂಡು ನಗುತ್ತಾರೆ. ಬಸ್ಸಿನವರು ಮಾತ್ರ ನಗುವುದಿಲ್ಲ, ಏಕೆಂದರೆ ಅವರು ನಮ್ಮ ಊರಿನ ಕಡೆಗೆ ಬರುವುದೇ ಇಲ್ಲ.

ಇಂಥ ಊರಿನಲ್ಲಿ ನಾನು ಮೋಟಾರ್ ಸೈಕಲ್ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತೇನೆ ಎಂದರೆ ನನ್ನ ಬುದ್ಧಿಯ ಬಗ್ಗೆ ನಿಮಗೆ ಅನುಮಾನ ಬರಬೇಕು. ನನ್ನ ಹೆಂಡತಿಗೆ ಬಂದು ಬಹಳ ಕಾಲವಾಯಿತು. ಊರಿನಲ್ಲಿರುವ ಗಾಡಿಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಎರಡು ಗಾಡಿ ಒಂದೇ ಹೊತ್ತಿಗೆ ಅಂಗಡಿಗೆ ಬಂದರೆ ನಡುವೆ ಚಾಪೆ ಕಟ್ಟುತ್ತೇನೆ. ಒಂದು ಗಾಡಿಗೆ ಮುಟ್ಟಿಸಿದ ಸ್ಪ್ಯಾನರನ್ನು ಔಡಲೆಣ್ಣೆಯಲ್ಲಿ ಅದ್ದಿ ಒರೆಸದೆ ಇನ್ನೊಂದಕ್ಕೆ ಮುಟ್ಟಿಸುವುದಿಲ್ಲ. ನನ್ನ ಹೆಸರು ಮೌಲಾಲಿ. ಊರಿನವರು ಎದುರಿಗೆ ಕಾಕಾ ಅನ್ನುತ್ತಾರೆ, ಬೆನ್ನ ಹಿಂದೆ ಔಡಲೆಣ್ಣೆ ಅನ್ನುತ್ತಾರೆ. ಅಂದುಕೊಳ್ಳಲಿ. ನನ್ನ ಅಂಗಡಿಯಿಂದ ಇವತ್ತಿನವರೆಗೂ ಕಿಲುಬು ಹೊರಗೆ ಹೋಗಿಲ್ಲ.

ಕಿಲುಬಿನ ವಿಷಯದಲ್ಲಿ ಊರಿನ ಕಟ್ಟಳೆ ಬಿಗಿ. ಯಾರ ಕಣ್ಣಿಗೆ ಅದು ಮೊದಲು ಬೀಳುತ್ತದೋ ಅವರೇ ಅಂದು ದೀಪ ಹಚ್ಚುವುದರೊಳಗೆ ಡಂಗುರದ ದುರಗಪ್ಪನಿಗೆ ಹೇಳಬೇಕು. ಆಮೇಲೆ ಆ ಸಾಮಾನು, ಅದರ ಜೊತೆಗಿದ್ದ ಲೋಹವೆಲ್ಲ ಊರಾಚೆಯ ಹೊಂಡಕ್ಕೆ. ಆ ಮನೆಯ ಬಾಗಿಲಿಗೆ ಬೇವಿನ ಟೊಂಗೆ. ಟೊಂಗೆ ಕಟ್ಟಿದ ಮನೆಗೆ ಮುಂದಿನ ಮಳೆಗಾಲ ಮುಗಿಯುವತನಕ ಹೊಸದಾಗಿ ಯಾರೂ ಬಂದು ಇರುವ ಹಾಗಿಲ್ಲ. ಸೊಸೆಯಾಗಿ ಬರಬೇಕಾದವಳು ತವರಿನಲ್ಲೇ ಉಳಿಯುತ್ತಾಳೆ, ದುಡಿಯಲು ಹೋದವನು ಹೋದಲ್ಲೇ ಉಳಿಯುತ್ತಾನೆ. ಯಾರಿಗೂ ರಿಯಾಯಿತಿ ಇಲ್ಲ. ಹಿಂದೊಮ್ಮೆ ದುರಗಪ್ಪನ ಸ್ವಂತ ತಮ್ಮನೇ ಹೆಂಡತಿಯ ಬಾಣಂತನ ಮುಗಿದರೂ ಕೂಸನ್ನು ತವರಿನಿಂದ ಮನೆಗೆ ತರಲಾಗದೆ ಒಂದು ಮಳೆಗಾಲ ಕಾದ.

ಅವತ್ತು ಬೆಳಿಗ್ಗೆ ನಾನಿನ್ನೂ ಅಂಗಡಿಯ ಕದ ತೆಗೆದು ಚಹಾದ ಕಪ್ಪು ಕೈಗೆತ್ತಿಕೊಂಡಿದ್ದೆನಷ್ಟೆ, ಇಂದ್ರವ್ವ ಮತ್ತು ಅವಳ ಅತ್ತೆ ನೀಲಗಂಗವ್ವ ಒಬ್ಬರ ಹಿಂದೊಬ್ಬರು ಬಂದರು. ಸೊಸೆಯ ಕೈಯಲ್ಲಿ ಬಾಳೆಲೆ ಹಾಸಿದ ಬುಟ್ಟಿ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಇಂದ್ರವ್ವ ಬಂದರೆ ಅಂಗಡಿಯಲ್ಲಿ ಗದ್ದಲ, ಮೂರು ಓಣಿಗೆ ಕೇಳುವಂತೆ ಮಾತಾಡುತ್ತಾಳೆ. ಅವತ್ತು ಬುಟ್ಟಿಯನ್ನು ಬೇವಿನ ಮರದ ಕೆಳಗೆ, ಅಂಗಡಿಯಿಂದ ಆದಷ್ಟು ದೂರ ಇಟ್ಟು ಸುಮ್ಮನೆ ನಿಂತಳು. ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

ಇಂದ್ರವ್ವನ ವಿಷಯ ನಿಮಗೆ ಹೇಳಬೇಕು. ಅವಳ ಗಂಡ ಸಂಗಪ್ಪ ಮರದ ಬೀಗ ಮಾಡುವವನು, ಕೈ ಚುರುಕು, ಎದೆ ಪುಕ್ಕಲು. ಬೈಕಿನ ಹಿಂದೆ ಕೂತರೂ ಕಣ್ಣು ಮುಚ್ಚಿಕೊಳ್ಳುತ್ತಾನೆ. ಹಾಗಾಗಿ ಆ ಮನೆಯಲ್ಲಿ ಗಾಡಿ ಓಡಿಸುವವಳು ಹೆಂಡತಿ. ಅವರಿಗೆ ಒಬ್ಬಳೇ ಮಗಳು, ತಂಗೆವ್ವ. ಹುಟ್ಟುವಾಗಲೇ ಎಡಗಾಲು ಒಳಗೆ ತಿರುಗಿತ್ತು. ಗುಡ್ಡದಾಚೆಯ ಡಾಕ್ಟರು ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿದರು, ಹಗಲೂ ರಾತ್ರಿ ತೆಗೆಯುವಂತಿಲ್ಲ ಎಂದರು. ನಮ್ಮ ಊರಿನಲ್ಲಿ ಎಳೆಯ ಮೈಗೆ ಹಗಲೂ ರಾತ್ರಿ ಕಬ್ಬಿಣ ಕಟ್ಟಿಡುವುದು ಆಗದ ಮಾತು. ಕೂಸನ್ನು ಗುಡ್ಡದಾಚೆ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಇಂದ್ರವ್ವ ಪ್ರತಿ ಸಂತೆಯ ದಿನ ಗಾಡಿ ಹತ್ತಿ ಹೋಗಿ, ಮಗಳಿಗೆ ಎರೆದು, ತಲೆ ಬಾಚಿ, ಅವಳು ಮಲಗಿದ ಮೇಲೆ ಕದ್ದು ಎದ್ದು ಬರುತ್ತಿದ್ದಳು. ಬರುವಾಗ ಗುಡ್ಡದ ತಿರುವಿನಲ್ಲಿ ಗಾಡಿ ನಿಲ್ಲಿಸಿ ಅತ್ತು, ಮುಖ ತೊಳೆದುಕೊಂಡು ಊರಿಗೆ ಇಳಿಯುತ್ತಿದ್ದಳು ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಎಲ್ಲರೂ ಇರುತ್ತಿದ್ದೆವು. ಈಗ ಕಾಲು ನೆಟ್ಟಗಾಗಿ ಡಾಕ್ಟರು ಪಟ್ಟಿ ಬಿಚ್ಚಿದ್ದರು. ಮರುದಿನ ಮಗಳನ್ನು ಮನೆಗೆ ಕರೆತರುವುದಿತ್ತು. ಸಂಗಪ್ಪ ಆ ಸುದ್ದಿಯನ್ನು ಓಣಿಯಲ್ಲಿ ಎದುರಾದವರಿಗೆಲ್ಲ ಹೇಳಿ, ಹೇಳಿದವರಿಗೇ ಮತ್ತೆ ಹೇಳಿ ಆಗಿತ್ತು.

ಎರಡು ದಿನದಿಂದ ಗಾಡಿ ಕೆಮ್ಮುತ್ತಿತ್ತಂತೆ. ಇಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಬಿಚ್ಚುವುದನ್ನು ಇಂದ್ರವ್ವನಿಗೆ ನಾನೇ ಕಲಿಸಿದ್ದೆ. ಹಿಂದಿನ ಸಂಜೆ ಅವಳೇ ಬಿಚ್ಚಿ, ಬೆಳಿಗ್ಗೆ ನನ್ನ ಹತ್ತಿರ ತರೋಣವೆಂದು ಬಟ್ಟೆ ಸುತ್ತಿ ಪಡಸಾಲೆಯಲ್ಲಿ ಇಟ್ಟಿದ್ದಳು. ಅದು ಅತ್ತೆಯ ಕಣ್ಣಿಗೆ ಬಿದ್ದಿದೆ.

"ಕಾಕಾ, ನಮ್ಮತ್ತಿ ಇದನ್ನ ಹುಣಸಿಹುಳಿ ಒಳಗ ನೆನಿ ಹಾಕ್ಯಾಳ" ಎಂದಳು ಇಂದ್ರವ್ವ.

"ದೇವರ ಸಮೆ ಹೆಂಗ ಬೆಳಗ್ತೀನೋ ಹಂಗ ಬೆಳಗೂನು ಅಂತ ಹಾಕಿನಪಾ" ಎಂದಳು ನೀಲಗಂಗವ್ವ ಸೆರಗಿನೊಳಗಿಂದಲೇ. "ಮೊಮ್ಮಗಳು ಕೂತು ಬರೂ ಗಾಡಿ. ಇದೊಂದು ಕರ್ರಗ ಜಿಗಿಜಿಗಿ ಆಗಿತ್ತು. ಹೊಲಸ ಇರಬಾರದು ಅಂತ."

ಬುಟ್ಟಿಯ ಬಟ್ಟೆ ಸರಿಸಿ ನೋಡಿದೆ. ಮೈಯೆಲ್ಲ ಕರಿಬೂದಿ ಬಣ್ಣಕ್ಕೆ ತಿರುಗಿತ್ತು. ಒಳಗೆ, ಪೆಟ್ರೋಲ್ ಅಳೆದು ಬಿಡುವ ಪುಟ್ಟ ಹಿತ್ತಾಳೆಯ ಜೆಟ್ಟುಗಳ ಸುತ್ತ, ಬಿಳಿ ಹಿಟ್ಟು ಮೊಳೆತಿತ್ತು.

ಹಿತ್ತಾಳೆಯ ದೀಪದ ಸಮೆಗೆ ಹುಣಸೆಹುಳಿ ಹಾಕಿದರೆ ಥಳಥಳ ಹೊಳೆಯುತ್ತದೆ, ಅದು ನಿಜ. ಆದರೆ ಕಾರ್ಬುರೇಟರಿನ ಮೈ ಹಿತ್ತಾಳೆಯಲ್ಲ, ಅಲ್ಯೂಮಿನಿಯಂ ಮತ್ತು ಸತುವನ್ನು ಕೂಡಿಸಿ ಎರಕ ಹೊಯ್ದದ್ದು. ಹುಳಿ ಅದನ್ನು ತಿನ್ನುತ್ತದೆ. ಅದೂ ಜೆಟ್ಟುಗಳನ್ನು ಬಿಚ್ಚದೆ ಇಡಿಯಾಗಿ ರಾತ್ರಿಯೆಲ್ಲ ನೆನೆ ಹಾಕಿದರೆ ಕೇಳುವುದೇ ಬೇಡ. ಹುಳಿನೀರಿನಲ್ಲಿ ಎರಡು ಜಾತಿಯ ಲೋಹ ಒಟ್ಟಿಗೆ ಕೂತರೆ ಹುಳಿಗೆ ಬೇಗ ಸೋಲುವುದು ಮೊದಲು ಸವೆಯುತ್ತದೆ. ಹೀಗೆ ಏಳುವ ಬಿಳಿ ಹಿಟ್ಟು ಬೇರೆ ಊರಿನಲ್ಲಾದರೆ ಬರೀ ಬಿಳಿ ಹಿಟ್ಟು. ನಮ್ಮಲ್ಲಿ ಅದು ಕಿಲುಬಾಗಿರಬಹುದು, ಆಗಿರದೆಯೂ ಇರಬಹುದು. ಬರಿಗಣ್ಣಿಗೆ ಎರಡೂ ಒಂದೇ. ಆಗಿದ್ದರೆ ಕಾರ್ಬುರೇಟರ್ ಹೋಯಿತು, ಗಾಡಿ ಹೋಯಿತು, ಮನೆಯ ಬಾಗಿಲಿಗೆ ಟೊಂಗೆ ಬಂತು, ತಂಗೆವ್ವ ಇನ್ನೊಂದು ಮಳೆಗಾಲ ಗುಡ್ಡದಾಚೆ ಉಳಿದಳು.

ಇದಕ್ಕೆ ನಮ್ಮಲ್ಲಿ ಸೂಜಿ ಇಡುವ ಪದ್ಧತಿಯಿದೆ. ಅನುಮಾನದ ಸಾಮಾನನ್ನು ಚೆನ್ನಾಗಿ ತೊಳೆದು ಒಣಗಿಸಿ, ಅದೇ ಮನೆಯ ಹೊಸ ಸೂಜಿಯೊಂದನ್ನು ಅದಕ್ಕೆ ತಗಲಿಸಿ ದೀಪ ಹಚ್ಚುವತನಕ ಇಡುವುದು. ನಿಜವಾದ ಕಿಲುಬಾದರೆ ಎಷ್ಟು ತೊಳೆದರೂ ಅಷ್ಟರೊಳಗೆ ಸೂಜಿಗೆ ಹತ್ತಿರುತ್ತದೆ. ಸೂಜಿ ಹೊಳೆಯುತ್ತಿದ್ದರೆ ಬಚಾವು. ಆದರೆ ತೊಳೆಯುವವನು ಯಾರು? ಯಾರು ಮುಟ್ಟುತ್ತಾರೋ ಅವರ ಹತ್ಯಾರವೂ ಹೊಂಡದ ಬಾಯಿಗೆ ಬಂದಂತೆಯೇ. ಒಳಗೆ ಇನ್ನೊಬ್ಬರ ಗಾಡಿ ಬಿಚ್ಚಿ ಹರಡಿಕೊಂಡಿತ್ತು. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಬೆಳಿಗ್ಗೆಯೇ ಬಂದು ನನ್ನ ತಲೆಗೆ ಕಟ್ಟಿದಿರಲ್ಲ ಎಂದು ಇಬ್ಬರನ್ನೂ ಬೈದೆ. ಬೈಯುತ್ತಲೇ ಒಳಗೆ ಹೋಗಿ, ಹೋದರೆ ಹೋಗಲಿ ಅನ್ನಬಹುದಾದ ಒಂದು ಹಳೆಯ ಸ್ಕ್ರೂಡ್ರೈವರ್ ಆರಿಸಿಕೊಂಡು ಹೊರಗೆ ಬಂದು, ಅಂಗಡಿಗೆ ಚಾಪೆ ಇಳಿಬಿಟ್ಟು ಮರದ ಕೆಳಗೆ ಕುಳಿತೆ.

ಕಾರ್ಬುರೇಟರ್ ತೊಳೆಯುವುದೆಂದರೆ ಹಸುಗೂಸಿಗೆ ಎರೆದ ಹಾಗೆ. ಉಜ್ಜುವುದಕ್ಕಿಂತ ಒರೆಸುವುದು ಮುಖ್ಯ. ಮೊದಲು ಜೆಟ್ಟು, ತೇಲುಗುಂಡು, ರಬ್ಬರಿನ ಉಂಗುರ ಎಲ್ಲವನ್ನೂ ಬಿಚ್ಚಿ ಬೇರೆ ಬೇರೆ ಮಣ್ಣಿನ ಹಣತೆಗಳಲ್ಲಿಟ್ಟೆ. ಪೆಟ್ರೋಲ್ ತಾಗಿದರೆ ರಬ್ಬರ್ ಉಬ್ಬಿಕೊಳ್ಳುತ್ತದೆ, ಅದನ್ನು ದೂರವೇ ಇಡಬೇಕು. ಹುಳಿ ಹೋಗಿಸುವುದು ಮೊದಲ ಕೆಲಸ. ನೀಲಗಂಗವ್ವ ಹತ್ತಿರ ಬಂದು, ಹುಳಿಯನ್ನು ಸೋಡಾ ಮುರಿಯುತ್ತದೆ, ಬಟ್ಟೆ ಒಗೆಯುವ ಸೋಡಾ ಒಂದು ಹಿಡಿ ತರಲೇ ಎಂದಳು. ನೀನು ಮಾಡಿದ್ದು ಇಷ್ಟೇ ಸಾಕು ಎಂದೆ. ಕ್ಷಾರದ ಸೋಡಾನೀರು ಈ ಲೋಹವನ್ನು ಹುಳಿಯಷ್ಟೇ ಚೆನ್ನಾಗಿ ತಿನ್ನುತ್ತದೆ. ಕಾಯಿಸಿ ಆರಿಸಿದ ಸಿಹಿನೀರಿನಲ್ಲಿ ಮೈಸೋಪಿನ ತೆಳು ನೊರೆ ಮಾಡಿ, ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ನೀರಿನಲ್ಲಿ ಹುಳಿಯ ವಾಸನೆಯೇ ಉಳಿಯದ ಹಾಗೆ ಮತ್ತೆ ಮತ್ತೆ ಜಾಲಿಸಿದೆ. ಬಿಳಿ ಹಿಟ್ಟನ್ನು ಬೇವಿನ ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಮೆಲ್ಲಗೆ ಎಬ್ಬಿಸಿದೆ. ಮರಳು, ತಂತಿಬ್ರಷ್ಷು ಮುಟ್ಟಿಸಿದರೆ ಕೆರೆದ ಗಾಯದಲ್ಲಿ ಕಿಲುಬು ಮನೆ ಮಾಡುತ್ತದೆ.

ನೀರು ಹಾಕಿದ ಮೇಲೆ ಒಂದು ಹನಿಯೂ ಒಳಗೆ ಉಳಿಯಬಾರದು. ಗಾಳಿ ಹಾಕುವ ಪಂಪಿನ ರಬ್ಬರ್ ಬಾಯನ್ನು ಒಂದೊಂದು ತೂತಿಗೂ ಹಿಡಿದೆ, ಇಂದ್ರವ್ವ ಪಂಪು ಒತ್ತಿದಳು. ಈ ತೂತಿನಿಂದ ಊದಿದ ಗಾಳಿ ಆ ತೂತಿನಿಂದ ಬರುತ್ತಿದೆಯೇ ಎಂದು ಕೆನ್ನೆ ಒಡ್ಡಿ ನೋಡಿದೆ. ಬಿಸಿಲಿನಲ್ಲಿ ಬೆಚ್ಚಗಾಗುವತನಕ ಒಣಗಿಸಿದ ಮೇಲೆ, ಒಲೆಯ ಕಿಡಿ ಬೀಡಿಯ ಕಿಡಿ ಯಾವುದೂ ಹತ್ತಿರ ಇಲ್ಲವೆಂದು ನೋಡಿಕೊಂಡು, ಹೊಸ ಪೆಟ್ರೋಲಿನಲ್ಲಿ ಒಳಗಿನ ಅಂಟು ಬಿಡಿಸಿದೆ. ಗಾಡಿ ಕೆಮ್ಮುತ್ತಿದ್ದುದು ಆ ಅಂಟಿನಿಂದ. ಜೆಟ್ಟಿನ ಕಣ್ಣಿಗೆ ತಂತಿ ತೂರಿಸದೆ ಮೀನಿನ ಗಾಳದ ದಾರ ತೂರಿಸಿ ಬೆಳಕಿಗೆ ಹಿಡಿದೆ. ಸೂರ್ಯ ಒಂದು ಚುಕ್ಕೆಯಾಗಿ ಕಂಡ. ಬಿಳಿ ಹಿಟ್ಟು ಇದ್ದ ಕಡೆ ಸೂಜಿಮೊನೆಯಷ್ಟು ಗುಳಿಗಳು ಬಿದ್ದಿದ್ದವು, ಆದರೆ ತೂತುಗಳ ಅಂಚು ಕೆಟ್ಟಿರಲಿಲ್ಲ. ಕಿಲುಬಲ್ಲದಿದ್ದರೆ ಗಾಡಿ ಓಡುತ್ತದೆ ಎನ್ನುವಷ್ಟು ಧೈರ್ಯ ನನಗೆ ಬಂತು.

ನೀಲಗಂಗವ್ವ ಮನೆಗೆ ಹೋಗಿ ಹೊಸ ಸೂಜಿ ತಂದಳು. ತಾನೇ ದಾರ ಪೋಣಿಸಿ, ಕಾರ್ಬುರೇಟರಿನ ಹೊಟ್ಟೆಗೆ ತಾನೇ ಕಟ್ಟಿದಳು. ನೆರಳಿನಲ್ಲಿ ಒಂದು ಹಲಗೆಯ ಮೇಲೆ ಅದನ್ನಿಟ್ಟು ಮೂವರೂ ಕಾದು ಕುಳಿತೆವು. ಮಧ್ಯಾಹ್ನ ಸಂಗಪ್ಪ ರೊಟ್ಟಿಯ ಗಂಟು ಹಿಡಿದುಕೊಂಡು ಬಂದ. ಸೂಜಿ ಕಂಡವನೇ ಏನನ್ನೂ ಕೇಳದೆ ಮರಕ್ಕೆ ಒರಗಿ, ಬೈಕು ಹತ್ತಿದವನ ಹಾಗೆ ಕಣ್ಣು ಮುಚ್ಚಿಕೊಂಡ. ರೊಟ್ಟಿ ಹಾಗೇ ಉಳಿಯಿತು. ನಾನೊಬ್ಬ ಮಾತ್ರ ತಿಂದೆ, ನನಗೆ ಹೆದರಿಕೆಯಾದರೆ ಹಸಿವು ಜಾಸ್ತಿ.

ಬಿಸಿಲು ಇಳಿಯುವ ಹೊತ್ತಿಗೆ ಇಂದ್ರವ್ವ ನನ್ನ ತೋಳು ಹಿಡಿದಳು. ಸೂಜಿಯ ಕಣ್ಣಿನ ಹತ್ತಿರ ಒಂದು ಕಂದು ಚುಕ್ಕೆ. ನಾನು ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಚುಕ್ಕೆ ಇತ್ತು.

ಆಮೇಲೆ ಇಂದ್ರವ್ವ ನನ್ನ ಕಡೆಗೆ ಬಾಗಿ, ನಾನೆಂದೂ ಅವಳ ಬಾಯಲ್ಲಿ ಕೇಳದ ಸಣ್ಣ ದನಿಯಲ್ಲಿ ಹೇಳಿದಳು: "ಕಾಕಾ, ನಮ್ಮ ಮನಿಯವರನ್ನ ಬಿಟ್ರ ನೀವೊಬ್ರ ನೋಡೀರಿ. ಸೂಜಿ ಬದಲಿ ಮಾಡೂನ್ರಿ. ನಾಳಿ ನಾ ಬರ್ತೀನಂತ ಆಕಿ ಬಾಗಲದಾಗ ಕೂತಿರ್ತಾಳ್ರಿ."

ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಅಂಗಡಿಯಲ್ಲಿ ಸೂಜಿ ಎಲ್ಲಿದೆ ಎಂದು ಮನಸ್ಸು ಆಗಲೇ ಹುಡುಕುತ್ತಿತ್ತು. ಒಂದು ಸೂಜಿ ಬದಲಾಯಿಸುವುದು ಎಷ್ಟರ ಕೆಲಸ. ಆ ತಾಯಿಯ ಮುಖ ನೋಡಿಕೊಂಡು ಕಟ್ಟಳೆ ಹೇಳುವ ಗಂಡಸು ನಾನಲ್ಲ. ಎದ್ದವಳು ನೀಲಗಂಗವ್ವ.

"ಬ್ಯಾಡವಾ" ಎಂದಳು ಸೊಸೆಗೆ. "ಮುಚ್ಚಿಟ್ಟು ಕೂಸಿನ್ನ ಕರಕೊಂಡು ಬಂದೆವು ಅಂತ ತಿಳಕೋ. ನಾಳಿ ಓಣಿಗೆಲ್ಲ ಹತ್ತಿದ ಮ್ಯಾಲೆ ಮಂದಿ ನನ್ನ ಹುಣಸಿಹಣ್ಣಿನ ಸುದ್ದಿ ಆಡೂದಿಲ್ಲ. ಆ ಹುಡುಗಿ ಬಂದಳು, ಕಿಲುಬು ಬಂತು ಅಂತಾರ. ಸಾಯೂತನಕ ಅಂತಾರ. ನಾ ಮಾಡೀನಿ, ನಾನ ಹೋಗಿ ದುರಗಪ್ಪಗ ಹೇಳ್ತೀನಿ."

ಅಷ್ಟು ಹೇಳಿ ಸೊಸೆಯ ತಲೆಯ ಮೇಲೆ ಕೈಯಿಟ್ಟಳು. ಇಂದ್ರವ್ವ ಆ ಕೈಯನ್ನು ತಳ್ಳುತ್ತಾಳೆ ಅಂದುಕೊಂಡೆ. ತಳ್ಳಲಿಲ್ಲ, ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅವಳ ಮುಖ ನೋಡಲಾಗದೆ ಆ ಕೈಯನ್ನೇ ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ಕಣ್ಣು ನೀಲಗಂಗವ್ವನ ಉಗುರಿನ ಮೇಲೆ ನಿಂತಿತು. ಉಗುರಿನ ಸಂದಿಯಲ್ಲೆಲ್ಲ ಕಂದು ಬಣ್ಣ.

ಬೆಳಿಗ್ಗೆಯಿಂದ ಕೈ ತೊಳೆದಿದ್ದೀಯಾ ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಹುಳಿ ಗಡಿಗೆಯಿಂದ ಕಾರ್ಬುರೇಟರ್ ಎತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡವಳು, ಗಾಬರಿಯಲ್ಲಿ ಅದೇ ಕೈಯಲ್ಲಿ ಸೂಜಿ ಹಿಡಿದಿದ್ದಳು, ದಾರದ ತುದಿ ಹೊಸೆದಿದ್ದಳು, ಸೂಜಿಯ ಕಣ್ಣನ್ನು ಎರಡು ಬೆರಳಿನ ನಡುವೆ ಒತ್ತಿ ಪೋಣಿಸಿದ್ದಳು. ಚುಕ್ಕೆ ಇದ್ದದ್ದು ಸರಿಯಾಗಿ ಅಲ್ಲಿಯೇ. ಕಾರ್ಬುರೇಟರಿಗೆ ತಾಗಿದ್ದ ಸೂಜಿಯ ನಡು ಮತ್ತು ಮೊನೆ ಹೊಸದರಂತೆಯೇ ಹೊಳೆಯುತ್ತಿದ್ದವು. ಕಿಲುಬು ತಾಗಿದ ಜಾಗ ಬಿಟ್ಟು ತಾಗದ ಜಾಗದಲ್ಲಿ ಏಳುವುದುಂಟೇ?

ಪೆಟ್ರೋಲ್ ತಾಗಿಸಿದ ಬಟ್ಟೆಯಿಂದ ಒರೆಸಿದೆ. ಚುಕ್ಕೆ ಬಟ್ಟೆಗೆ ಬಂತು. ಇಂದ್ರವ್ವ ನಗಲು ಹೋದಳು, ನಾನು ತಡೆದೆ. ಒರೆಸಿದರೆ ನಿಜವಾದ ಕಿಲುಬೂ ಹೋದಂತೆ ಮಾಡಿ ಮತ್ತೆ ಏಳುತ್ತದೆ. ದೀಪದ ಹೊತ್ತಿನವರೆಗೆ ನೋಡಲೇಬೇಕು, ಅದೂ ಇನ್ನೊಂದು ಸೂಜಿಯ ಜೊತೆ. ನೀಲಗಂಗವ್ವ ಕೈಯನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಂಡು ಮನೆಗೆ ಓಡಿದಳು. ಆ ವಯಸ್ಸಿನಲ್ಲಿ ಅವಳು ಓಡುವುದನ್ನು ಊರು ನೋಡಿತು. ಮೊಮ್ಮಗಳಿಗೆಂದು ಹೊಲಿಯುತ್ತಿದ್ದ ಕೌದಿಗೆ ಸಿಕ್ಕಿಸಿಟ್ಟ ಇನ್ನೊಂದು ಹೊಸ ಸೂಜಿ ಕಿತ್ತು, ಬಟ್ಟೆಯಲ್ಲಿ ಹಿಡಿದು ತಂದಳು. ಈ ಸಲ ಕಟ್ಟಿದವನು ನಾನು.

ಆ ಸಂಜೆ ಸೂರ್ಯ ಮುಳುಗುವುದನ್ನೇ ಮರೆತಂತಿತ್ತು. ನಾವು ನಾಲ್ವರೂ ಎರಡು ಸೂಜಿಗಳನ್ನು ಸುತ್ತುವರಿದು ಕುಳಿತಿದ್ದೆವು. ದಾರಿಯಲ್ಲಿ ಹೋಗುವವರು ದೂರದಿಂದಲೇ ಸುತ್ತು ಹಾಕಿಕೊಂಡು ಹೋದರು. ದುರಗಪ್ಪನೂ ಬಂದು ಆಚೆಬದಿಯ ಕಟ್ಟೆಯ ಮೇಲೆ ಡಂಗುರ ತೊಡೆಯ ಮೇಲಿಟ್ಟುಕೊಂಡು ಕುಳಿತ. ಅವನಿಗೆ ಯಾರೂ ಹೇಳಿರಲಿಲ್ಲ. ಇಂಥದ್ದೆಲ್ಲ ಅವನಿಗೆ ಹೇಗೋ ತಿಳಿಯುತ್ತದೆ. ಓಣಿಯ ಮೊದಲ ಮನೆಯಲ್ಲಿ ದೀಪ ಕಂಡಿತು. ಎರಡನೆಯ ಮನೆಯಲ್ಲಿ ಕಂಡಿತು. ನನ್ನ ಹೆಂಡತಿ ನಮ್ಮ ಮನೆಯ ಹಣತೆಯನ್ನು ತಂದು ದೂರದಲ್ಲಿ ಎತ್ತಿ ಹಿಡಿದಳು. ಆ ಬೆಳಕಿನಲ್ಲಿ ದುರಗಪ್ಪ ಬಗ್ಗಿ ಹಳೆಯ ಸೂಜಿ ನೋಡಿದ, ಹೊಸ ಸೂಜಿ ನೋಡಿದ. ಎರಡೂ ಮೊನೆಯಿಂದ ಕಣ್ಣಿನವರೆಗೆ ಹೊಳೆಯುತ್ತಿದ್ದವು.

"ಹುಳಿ ಕಲೆ" ಎಂದ ದುರಗಪ್ಪ. "ನಿಮ್ಮ ಗಾಡಿ ನೀವು ಹೂಡಿಕೋರಿ."

ನನಗಾದ ನಿರಾಳ ಹೇಳತೀರದು. ಬೆಳಿಗ್ಗೆಯಿಂದ ಹೆಗಲ ಮೇಲೆ ಕೂತಿದ್ದುದು ಇಳಿದು ಹೋಯಿತು. ಕೂಗಿಕೊಂಡು ಓಣಿಯಲ್ಲಿ ಓಡಬೇಕು ಅನ್ನಿಸಿತು, ಓಡಲಿಲ್ಲ. ನೀಲಗಂಗವ್ವನಿಗೆ ಇನ್ನು ಮುಂದೆ ಸಮೆ, ತಂಬಿಗೆ ಬಿಟ್ಟು ಬೇರೆ ಏನನ್ನಾದರೂ ಹುಳಿಯಲ್ಲಿ ಹಾಕಿದರೆ ನಿನ್ನನ್ನೇ ಹುಳಿಯಲ್ಲಿ ಹಾಕುತ್ತೇನೆ ಎಂದು ಗದರಿಸಿದೆ. ಅವಳು ಚಿಕ್ಕ ಹುಡುಗಿಯ ಹಾಗೆ ತಲೆಯಾಡಿಸಿದಳು. ಸಂಗಪ್ಪ ಕೊನೆಗೂ ಕಣ್ಣು ಬಿಟ್ಟು, ಏನಾಯಿತು ಎಂದು ಕೇಳಿದ. ಅವನ ಹೆಂಡತಿ ತಣ್ಣಗಾದ ರೊಟ್ಟಿಯನ್ನು ಅವನ ಬಾಯಿಗೆ ತುರುಕಿದಳು. ಕಾರ್ಬುರೇಟರಿನ ಹೊರಮೈಗೆ ಎಣ್ಣೆಯ ತೆಳು ಪಸೆ ಒರೆಸಿ, ಜೆಟ್ಟು, ತೇಲುಗುಂಡು, ಉಂಗುರ ಎಲ್ಲವನ್ನೂ ಅದರದರ ಜಾಗಕ್ಕೆ ಕೂರಿಸಿ, ಅವರ ಮನೆಯಂಗಳದಲ್ಲಿ ನಿಂತಿದ್ದ ಗಾಡಿಗೆ ಬಿಗಿದುಕೊಟ್ಟೆ. ಇಂದ್ರವ್ವ ಕಿಕ್ ಒದ್ದಳು. ಗಾಡಿ ಒಮ್ಮೆ ತೇಗಿ, ಆಮೇಲೆ ಒಂದೇ ಸಮನೆ ಓಡಿತು. ಕೆಮ್ಮು ಹೋಗಿತ್ತು.

ಬೆಳಗಾಗುತ್ತಲೇ ಅವಳು ಹೋದಳು. ನಾನು ಅಂಗಡಿಯ ಕೆಲಸ ಮಾಡುತ್ತಿದ್ದೆ ಎಂದು ಹೇಳಬಹುದು, ಆದರೆ ಒಂದು ನಟ್ಟನ್ನೂ ಬಿಗಿಯಲಿಲ್ಲ. ತೊಳೆದ ಕಾರ್ಬುರೇಟರ್ ಊರೊಳಗೆ ಓಡುವುದು ಬೇರೆ, ಏರು ಹತ್ತುವುದು ಬೇರೆ. ಆ ಗುಳಿಗಳಲ್ಲಿ ಏನಾದರೂ ಉಳಿದಿದ್ದರೆ ಗಾಡಿ ಗುಡ್ಡದ ನಡುವೆ ನಿಲ್ಲುತ್ತದೆ. ಹೊತ್ತು ಏರಿದಂತೆ ನೀಲಗಂಗವ್ವ ಬಂದು ನನ್ನ ಅಂಗಡಿಯ ಮುಂದಿನ ಕಲ್ಲಿನ ಹತ್ತಿರ ನಿಂತಳು. ಕೂರು ಎಂದರೆ ಕೂರಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗುಡ್ಡದ ಕಡೆಯಿಂದ ಸದ್ದು ಬಂತು, ಮೊದಲು ಗಾಳಿಯೇನೋ ಎನ್ನುವ ಹಾಗೆ, ಆಮೇಲೆ ಸ್ಪಷ್ಟವಾಗಿ. ಗಾಡಿ ಕೊನೆಯ ಏರು ಹತ್ತುತ್ತಿತ್ತು. ತಿರುವಿನಲ್ಲಿ ನಿಲ್ಲುತ್ತದೆ ಅಂದುಕೊಂಡೆ, ನಿಲ್ಲಲಿಲ್ಲ.

"ಬಂದ್ಲೇನಪಾ?" ಎಂದಳು ನೀಲಗಂಗವ್ವ. ಅವಳಿಗೆ ಅಷ್ಟು ದೂರ ಕಣ್ಣು ಕಾಣುವುದಿಲ್ಲ. ನನಗೂ ಇನ್ನೂ ಏನೂ ಕಂಡಿರಲಿಲ್ಲ.

ನಾನು ಕಿವಿಗೊಟ್ಟೆ. ಬೆಳಿಗ್ಗೆ ಹೋಗುವಾಗ ಇಂಜಿನ್ ಹಗುರಾಗಿ ಹಾಡಿಕೊಂಡು ಹೋಗಿತ್ತು. ಈಗ ಅದರ ದನಿ ಕೆಳಗಿಳಿದಿತ್ತು, ಒಂದೊಂದು ಹೊಡೆತವೂ ತುಂಬಿ ಬರುತ್ತಿತ್ತು.

"ಬಂದ್ಲು" ಎಂದೆ. "ಗಾಡಿ ಇಬ್ಬರ ಭಾರ ಎಳೀತೈತಿ."

ನೀಲಗಂಗವ್ವ ಆಗ ಕಲ್ಲಿನ ಮೇಲೆ ಕುಳಿತಳು.